ಕಂಪನಿ ಕೊಟ್ಟ ಫೈಬರ್ ಮೋಡೆಮ್‌ಗೆ ನಮ್ಮದೇ ರೂಟರ್ ಜೋಡಿಸೋದು ಹೇಗೆ? ಬ್ರಿಡ್ಜ್ ಮಾಡಿಸಲೇಬೇಕಾ?

ಮೆತ್ತಿಮನೆ:

ನಮಸ್ಕಾರ ಎಲ್ಲರಿಗೂ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಊರಿಗೆ ಫೈಬರ್ ಬಂದಾಗ 100 ಎಂಬಿಪಿಎಸ್ ಪ್ಲಾನ್ ಹಾಕಿಸಿದೆವು. ಕಂಪನಿಯವರು ಮೋಡೆಮ್ ತಂದು ಜಗಲಿಯ ಗೋಡೆಗೆ ಕೂರಿಸಿ ಹೋದರು. ವೈಫೈ ಅದರಲ್ಲೇ ಇದೆ, ಲ್ಯಾಂಡ್‌ಲೈನ್ ಫೋನನ್ನೂ ಅದಕ್ಕೇ ಸಿಕ್ಕಿಸಿದ್ದಾರೆ.

ಮನೆ ಅಜ್ಜನ ಕಾಲದ್ದು. ಚಿರೆಕಲ್ಲಿನ ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪ. ಜಗಲಿಯಲ್ಲಿ ಕೂತರೆ ಸ್ಪೀಡ್ ಪೂರ್ತಿ ಸಿಗುತ್ತದೆ. ಒಳಗೆ ಬಂದರೆ ಅರ್ಧ. ನಾನು ಕೆಲಸ ಮಾಡುವ ಕೋಣೆ ಇರುವುದು ಮೆತ್ತಿ ಮೇಲೆ, ಅಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ, ಮೀಟಿಂಗ್ ಮಧ್ಯೆ ಧ್ವನಿ ತುಂಡಾಗಿ ಆ ಕಡೆಯವರು ಹಲೋ ಹಲೋ ಅನ್ನುತ್ತಲೇ ಇರುತ್ತಾರೆ. ಅದಕ್ಕೇ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರ್ ತಂದೆ. ಮೋಡೆಮ್‌ನ ಒಂದು ಲ್ಯಾನ್ ಪೋರ್ಟಿನಿಂದ (ಮನೆಯ ಸಾಧನಗಳಿಗೆ ನೆಟ್ ಕೊಡುವ ಕಿಂಡಿ) ಮೆತ್ತಿಗೆ ವೈರ್ ಎಳೆಸಿ, ಹೊಸ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಒಳಬರುವ ಕಿಂಡಿ) ಹಾಕಿದ್ದೇನೆ. ನೆಟ್ ಬರುತ್ತಿದೆ. ಮೀಟಿಂಗ್ ಚೆನ್ನಾಗಿ ನಡೆಯುತ್ತಿದೆ.

ಆದರೆ ಈಗ ಬೇರೆ ತೊಂದರೆ ಶುರುವಾಗಿದೆ. ಕೆಳಗಿರುವ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ಕಾಣಿಸುವುದೇ ಇಲ್ಲ. ಮೊಬೈಲಿನಿಂದ ಟಿವಿಗೆ ಏನಾದರೂ ಹಾಕಬೇಕು ಅಂದರೆ ಕೆಳಗಿನ ವೈಫೈಗೆ ಬದಲಾಯಿಸಿಕೊಳ್ಳಬೇಕು. ಮಗನ ಗೇಮಿನಲ್ಲಿ ನ್ಯಾಟ್ ಟೈಪ್ ಸ್ಟ್ರಿಕ್ಟ್ ಅಂತ ತೋರಿಸುತ್ತಿದೆ, ಬೇರೆ ಆಟಗಾರರ ಜೊತೆ ಜೋಡಣೆ ಸರಿಯಾಗಿ ಆಗುವುದಿಲ್ಲ ಅಂತ ಅದರ ಅರ್ಥವಂತೆ. ಅಡಿಕೆ ಅಂಗಳಕ್ಕೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ, ಸುಗ್ಗಿಯಲ್ಲಿ ಬೇರೆ ಊರಿಗೆ ಹೋದಾಗಲೂ ನೋಡಬೇಕಲ್ಲ, ಅದರ ಡಿವಿಆರ್‌ಗೆ (ದೃಶ್ಯ ರೆಕಾರ್ಡ್ ಮಾಡುವ ಡಬ್ಬ) ಪೋರ್ಟ್ ಫಾರ್ವರ್ಡ್, ಅಂದರೆ ಹೊರಗಿನಿಂದ ಒಳಬರಲು ದಾರಿ, ಮಾಡಿದರೂ ಹೊರಗಿನಿಂದ ತೆರೆಯುತ್ತಿಲ್ಲ.

ಕಸ್ಟಮರ್ ಕೇರ್‌ಗೆ ಕೇಳಿದರೆ ಬ್ರಿಡ್ಜ್ ಮೋಡ್ (ಮೋಡೆಮ್ ರೂಟರ್ ಕೆಲಸ ಬಿಟ್ಟು ಸಿಗ್ನಲ್ ದಾಟಿಸುವುದಷ್ಟೇ ಮಾಡುವುದು) ಕೊಡುವುದಿಲ್ಲ ಅಂದರು. ನೆಟ್ ಹಾಕಿಕೊಟ್ಟ ಹುಡುಗನನ್ನು ಕೇಳಿದರೆ ಮಾಡಿಕೊಡುತ್ತೇನೆ, ಆದರೆ ಫೋನ್ ಸತ್ತುಹೋಗಬಹುದು ಅನ್ನುತ್ತಾನೆ. ಅಮ್ಮನಿಗೆ ಲ್ಯಾಂಡ್‌ಲೈನ್ ಬೇಕೇ ಬೇಕು, ನೆಂಟರಿಷ್ಟರೆಲ್ಲ ಅದಕ್ಕೇ ಮಾಡುವುದು. ನಾನೀಗ ಏನು ಮಾಡಲಿ? ಫೈಬರ್ ವೈರನ್ನೇ ನೇರವಾಗಿ ಹೊಸ ರೂಟರಿಗೆ ಹಾಕಿ ಕಂಪನಿಯ ಮೋಡೆಮ್ ತೆಗೆದಿಡಲು ಬರುತ್ತದಾ? ತಿಳಿದವರು ಬಿಡಿಸಿ ಹೇಳಿ.

ಹಳೇಸ್ವಿಚ್:

ಸರ್, ಮೈಸೂರಿನಿಂದ. ಆಫೀಸುಗಳಿಗೆ ನೆಟ್‌ವರ್ಕ್ ಹಾಕುವುದೇ ನನ್ನ ಕೆಲಸ. ನಿಮಗೆ ಬ್ರಿಡ್ಜ್ ಬೇಕಾಗಿಲ್ಲ. ಮೊದಲು ಈಗ ಏನಾಗಿದೆ ಅನ್ನೋದು ನೋಡಿ, ಆಮೇಲೆ ಪರಿಹಾರ ತುಂಬಾ ಸುಲಭ.

ನಿಮ್ಮ ಕಂಪನಿ ಮೋಡೆಮ್ ಅಂದರೆ ಅದು ಬರೀ ಮೋಡೆಮ್ ಅಲ್ಲ. ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಕೆಲಸದ ಜೊತೆಗೆ ಅದು ರೂಟರ್ ಕೆಲಸವನ್ನೂ ಮಾಡುತ್ತದೆ. ಮನೆಯ ಒಂದೊಂದು ಮೊಬೈಲಿಗೂ ಟಿವಿಗೂ 192.168.1 ರಿಂದ ಶುರುವಾಗುವ ಒಂದೊಂದು ಐಪಿ, ಅಂದರೆ ನೆಟ್‌ವರ್ಕಿನೊಳಗಿನ ವಿಳಾಸದ ನಂಬರ್, ಹಂಚುತ್ತದೆ. ಈಗ ಅದರ ಹಿಂದೆ ನಿಮ್ಮ ಆರ್ಚರ್ ಇನ್ನೊಂದು ರೂಟರ್ ಆಗಿ ಕೂತಿದೆ. ಅದು 192.168.0 ರಿಂದ ಶುರುವಾಗುವ ಬೇರೆ ಐಪಿಗಳನ್ನು ಹಂಚುತ್ತಿದೆ. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಆಯಿತು. ಒಳಗಿನ ಐಪಿಗಳನ್ನೆಲ್ಲ ಒಂದೇ ಹೊರಗಿನ ಐಪಿಯ ಹಿಂದೆ ಕೂರಿಸುವ ಕೆಲಸಕ್ಕೆ ನ್ಯಾಟ್ ಅನ್ನುತ್ತಾರೆ, ಅದು ಎರಡು ಸಲ ಆಗುವ ಇದನ್ನೇ ಡಬಲ್ ನ್ಯಾಟ್ ಅನ್ನುವುದು.

ಬ್ರೌಸಿಂಗಿಗೆ, ಯೂಟ್ಯೂಬಿಗೆ, ಮೀಟಿಂಗಿಗೆ ಡಬಲ್ ನ್ಯಾಟಿನಿಂದ ಏನೂ ಆಗುವುದಿಲ್ಲ, ಸುಮ್ನೆ ಹೆದರಬೇಡಿ. ತೊಂದರೆ ಬರುವುದು ಮನೆಯೊಳಗಿನ ಸಾಮಾನುಗಳು ಒಂದನ್ನೊಂದು ಹುಡುಕುವಾಗ. ಲ್ಯಾಪ್‌ಟಾಪ್ "ಇಲ್ಲಿ ಪ್ರಿಂಟರ್ ಯಾರಿದ್ದೀರಿ" ಅಂತ ಕೂಗುವ ಕೂಗು ತನ್ನ ನೆಟ್‌ವರ್ಕ್ ದಾಟಿ ಹೋಗುವುದಿಲ್ಲ. ಪ್ರಿಂಟರಿನ ಐಪಿಯನ್ನೇ ಟೈಪ್ ಮಾಡಿದರೆ ಮೇಲಿನಿಂದ ಕೆಳಗೆ ಸಿಗಬಹುದು, ಆದರೆ ಕೆಳಗಿನಿಂದ ಮೇಲಿನದ್ದು ಸಿಗುವುದಿಲ್ಲ, ಆರ್ಚರಿನ ಫೈರ್‌ವಾಲ್ ತಡೆಯುತ್ತದೆ.

ನಿಮಗೆ ಬೇಕಿರುವುದು ಮೆತ್ತಿ ಮೇಲೆ ವೈಫೈ, ಅಷ್ಟೇ ಅಲ್ವಾ? ಹಾಗಾದರೆ ಆರ್ಚರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಿಬಿಡಿ. ಲ್ಯಾಪ್‌ಟಾಪನ್ನು ಆರ್ಚರಿಗೆ ಜೋಡಿಸಿ ಬ್ರೌಸರಿನಲ್ಲಿ 192.168.0.1 ಹಾಕಿ ಒಳಗೆ ಹೋಗಿ. ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಆಪರೇಷನ್ ಮೋಡ್ ಅಂತ ಸಿಗುತ್ತದೆ, ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ ಆರಿಸಿ ಸೇವ್ ಕೊಡಿ. ರೂಟರ್ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ಆಮೇಲೆ ಅದು ಐಪಿ ಹಂಚುವುದನ್ನು ಬಿಟ್ಟು, ವೈಫೈ ಮಾತ್ರ ಕೊಡುತ್ತದೆ. ಮೇಲಿನ ಲ್ಯಾಪ್‌ಟಾಪಿಗೂ ಕೆಳಗಿನ ಪ್ರಿಂಟರಿಗೂ ಐಪಿ ಕೊಡುವುದು ಜಗಲಿಯ ಮೋಡೆಮ್ ಒಂದೇ. ಪ್ರಿಂಟರ್, ಟಿವಿ ಎಲ್ಲ ಒಂದೇ ಪಟ್ಟಿಯಲ್ಲಿ ಕಾಣಿಸುತ್ತವೆ. ಫೋನಿನ ತಂಟೆಗೆ ನೀವು ಹೋಗುವುದೇ ಇಲ್ಲ.

ಒಂದು ಗಮನ ಇರಲಿ. ಮೋಡ್ ಬದಲಾದ ಮೇಲೆ ಆರ್ಚರ್ 192.168.0.1ರಲ್ಲಿ ಸಿಗುವುದಿಲ್ಲ, ಅದಕ್ಕೂ ಮೋಡೆಮ್ ಹೊಸ ಐಪಿ ಕೊಟ್ಟಿರುತ್ತದೆ. ಕೆಟ್ಟುಹೋಯಿತು ಅಂದುಕೊಂಡು ರೀಸೆಟ್ ಮಾಡಬೇಡಿ. ಮೋಡೆಮ್ ಪುಟದಲ್ಲಿ (ಬ್ರೌಸರಿನಲ್ಲಿ ಮೋಡೆಮ್‌ನ ಐಪಿ ಹಾಕಿದರೆ ತೆರೆಯುವ ಸೆಟ್ಟಿಂಗ್ ಪುಟ) ಯಾವ್ಯಾವ ಸಾಧನ ಜೋಡಣೆಯಾಗಿದೆ ಅನ್ನುವ ಪಟ್ಟಿ ಇರುತ್ತದೆ, ಅಲ್ಲಿ ನೋಡಿಕೊಳ್ಳಿ.

ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ, ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೇ ರೂಟರಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇಲ್ಲದಿದ್ದರೂ ಅದೇ ಕೆಲಸ ಕೈಯಾರೆ ಮಾಡಬಹುದು. ಹಳೇ ರೂಟರಿನ ಐಪಿಯನ್ನು 192.168.1.2 ಅಂತ ಬದಲಾಯಿಸಿ, ಆ ನಂಬರನ್ನು ಮೋಡೆಮ್ ಬೇರೆ ಯಾರಿಗೂ ಕೊಡದ ಹಾಗೆ ನೋಡಿಕೊಂಡು, ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಿ, ವೈರನ್ನು ವ್ಯಾನ್ ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡುವುದನ್ನು ಮಾತ್ರ ಬಿಡಬೇಡಿ, ಇಬ್ಬರು ಐಪಿ ಹಂಚಲು ನಿಂತರೆ ಅರ್ಧ ಮೊಬೈಲಿಗೆ ನೆಟ್ ಬರುತ್ತದೆ, ಅರ್ಧಕ್ಕೆ ಬರುವುದಿಲ್ಲ, ಕಾರಣ ಹುಡುಕಿ ಹುಡುಕಿ ಸುಸ್ತಾಗುತ್ತದೆ.

ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ. ಆಗ ಮೊಬೈಲ್ ತಾನೇ ಹತ್ತಿರದ್ದನ್ನು ಹಿಡಿದುಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ, ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ ಈ ಮೂರೇ. ಚಿರೆಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್‌ಗೆ ಕಷ್ಟ. ಅದು ವೇಗ ಜಾಸ್ತಿ, ಆದರೆ ಕೋಣೆಯೊಳಗೇ ಚೆನ್ನ. ನೀವು ವೈರ್ ಎಳೆಸಿದ್ದು ತುಂಬಾ ಒಳ್ಳೆಯದಾಯಿತು. ಇಂಥ ಮನೆಗೆ ಗಾಳಿಯಲ್ಲೇ ಸಿಗ್ನಲ್ ಹಿಡಿದು ಮುಂದಕ್ಕೆ ಕೊಡುವ ರಿಪೀಟರ್ ಹಾಕಿದವರು ಎಷ್ಟೋ ಜನ ದುಡ್ಡು ಕಳೆದುಕೊಂಡಿದ್ದನ್ನು ನೋಡಿದ್ದೇನೆ.

ಪ್ಯಾಕೆಟ್‌ಪ್ರೇಮಿ:

ಹಳೇಸ್ವಿಚ್ ಅವರು ಹೇಳಿದ್ದು ಸರಿ, ಆದರೆ ಬ್ರಿಡ್ಜ್ ಬೇಕಾಗಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಜಯನಗರದಲ್ಲಿ ನಮ್ಮ ಮನೆಯಲ್ಲಿ ಬ್ರಿಡ್ಜ್ ಮಾಡಿಸಿಕೊಂಡೇ ಇದ್ದೇನೆ, ಯಾಕೆ ಅಂತ ಹೇಳುತ್ತೇನೆ.

ಕಂಪನಿಯ ಮೋಡೆಮ್ ನಿಮ್ಮ ಮನೆಯಲ್ಲಿದ್ದರೂ ಅದರ ಕೀಲಿಕೈ ಅವರ ಹತ್ತಿರ ಇರುತ್ತದೆ. ಟಿಆರ್-069 ಅಂತ ಒಂದು ವ್ಯವಸ್ಥೆ ಇದೆ, 2004ರಲ್ಲೇ ಬಂದದ್ದು, ಅದರಿಂದ ಕಂಪನಿಯವರು ದೂರದಲ್ಲೇ ಕೂತು ಮೋಡೆಮ್‌ನ ಸೆಟ್ಟಿಂಗ್ ಬದಲಾಯಿಸಬಹುದು, ಸಾಫ್ಟ್‌ವೇರ್ ಹಾಕಬಹುದು. ಲಕ್ಷಾಂತರ ಗಿರಾಕಿಗಳಿಗೆ ಸೇವೆ ಕೊಡುವವರಿಗೆ ಇದು ಬೇಕಾಗುತ್ತದೆ, ತಪ್ಪು ಅನ್ನುವುದಿಲ್ಲ. ಆದರೆ ಮಕ್ಕಳ ಮೊಬೈಲಿಗೆ ರಾತ್ರಿ ನೆಟ್ ನಿಲ್ಲಿಸುವುದು, ಯಾವ ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಬಳಸಬೇಕು, ಹೊರಗಿನಿಂದ ಯಾವ ಬಾಗಿಲು ತೆರೆದಿರಬೇಕು, ಇದೆಲ್ಲ ನನ್ನ ಮನೆಯ ವಿಷಯ. ಅದು ನನ್ನ ರೂಟರಿನಲ್ಲೇ ಇರಬೇಕು. ಎಷ್ಟೋ ಮೋಡೆಮ್‌ಗಳಲ್ಲಿ ಡಿಎನ್‌ಎಸ್ ಬದಲಾಯಿಸುವ ಜಾಗವನ್ನೇ ಗಿರಾಕಿಗೆ ತೋರಿಸುವುದಿಲ್ಲ. ಆ್ಯಕ್ಸೆಸ್ ಪಾಯಿಂಟ್ ಮಾಡಿದರೆ ಈ ಹಿಡಿತ ಪೂರ್ತಿ ಮೋಡೆಮ್ ಕೈಗೇ ಹೋಗುತ್ತದೆ, ದುಡ್ಡು ಕೊಟ್ಟು ತಂದ ಆರ್ಚರಿನ ಅರ್ಧ ಸೌಲಭ್ಯ ಮಲಗಿಬಿಡುತ್ತದೆ.

ಬ್ರಿಡ್ಜ್ ಅಂದರೆ ಮೋಡೆಮ್ ರೂಟರ್ ಕೆಲಸ ಬಿಟ್ಟು, ಬೆಳಕು ಬಂದದ್ದನ್ನು ಲ್ಯಾನ್ ವೈರಿಗೆ ದಾಟಿಸುತ್ತದೆ ಅಷ್ಟೇ. ಲಾಗಿನ್ ಆಗುವುದು ನಿಮ್ಮ ರೂಟರ್. ಬಿಎಸ್‌ಎನ್‌ಎಲ್ ಫೈಬರಿನ ಹಾಗೆ ಪಿಪಿಪಿಒಇ ಅನ್ನುವ ಲಾಗಿನ್ ವಿಧಾನ ಇರುವ ಕಡೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕು, ಅದನ್ನು ಕಂಪನಿಯಿಂದ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಜೊತೆಗೆ ಒಂದೇ ಲೈನಿನಲ್ಲಿ ಬರುವ ಸೇವೆಗಳನ್ನು ಬೇರ್ಪಡಿಸಲು ವಿ-ಲ್ಯಾನ್ ಐಡಿ ಅಂತ ಒಂದು ನಂಬರ್ ಇರುತ್ತದೆ, ಅದು ಊರಿಂದ ಊರಿಗೆ ಬೇರೆ ಬೇರೆ, ಇನ್ನೊಬ್ಬರ ನಂಬರ್ ನೋಡಿ ಹಾಕಿದರೆ ನೆಟ್ ಬರುವುದಿಲ್ಲ. ಪಿಪಿಪಿಒಇ ಒಂದೊಂದು ಪ್ಯಾಕೆಟ್‌ನಲ್ಲಿ 8 ಬೈಟ್ ತನಗೆ ಅಂತ ತೆಗೆದುಕೊಳ್ಳುತ್ತದೆ, ಹಾಗಾಗಿ ರೂಟರಿನಲ್ಲಿ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ) 1500 ಇದ್ದರೆ 1492 ಮಾಡಿ. ಕೆಲವು ಸೈಟ್ ತೆರೆದು ಕೆಲವು ಮಾತ್ರ ತೆರೆಯದೆ ಸುತ್ತುತ್ತಾ ಇದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಫೋನ್ ಬಗ್ಗೆ ನಿಮ್ಮ ಆತಂಕ ನಿಜವಾದದ್ದೇ, ಆದರೆ ಫೋನ್ ಸಾಯಲೇಬೇಕು ಅಂತಿಲ್ಲ. ಬಹಳಷ್ಟು ಮೋಡೆಮ್‌ಗಳಲ್ಲಿ ಇಂಟರ್ನೆಟ್ ಒಂದು ವ್ಯಾನ್ ಕನೆಕ್ಷನ್, ಫೋನ್ ಇನ್ನೊಂದು ವ್ಯಾನ್ ಕನೆಕ್ಷನ್, ಅದರ ವಿ-ಲ್ಯಾನ್ ಕೂಡ ಬೇರೆ. ಇಂಟರ್ನೆಟ್ ಅನ್ನುವ ಸಾಲನ್ನು ಮಾತ್ರ ಬ್ರಿಡ್ಜ್ ಮಾಡಿ, ವಾಯ್ಸ್ ಅನ್ನುವ ಸಾಲನ್ನು ಮುಟ್ಟದೇ ಬಿಟ್ಟರೆ ಫೋನ್ ಮೊದಲಿನ ಹಾಗೇ ಮೋಡೆಮ್‌ನಿಂದ ನಡೆಯುತ್ತದೆ. ಮಾಡುವ ಮೊದಲು ಆ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬ್ರಿಡ್ಜ್ ಅನ್ನು ಯಾವ ಲ್ಯಾನ್ ಪೋರ್ಟಿಗೆ ಕಟ್ಟಿದ್ದಾರೆ ಅನ್ನುವುದನ್ನೂ ಕೇಳಿ, ಬೇರೆ ಪೋರ್ಟಿಗೆ ವೈರ್ ಹಾಕಿ ಬರುತ್ತಿಲ್ಲ ಅಂತ ಕೂರುವವರು ಬಹಳ.

ಬ್ರಿಡ್ಜ್ ಕೊಡುವುದೇ ಇಲ್ಲ ಅಂದರೆ ಡಿಎಂಜೆಡ್ ಇದೆ. ಮೋಡೆಮ್‌ನಲ್ಲಿ ಡಿಎಂಜೆಡ್ ಹೋಸ್ಟ್ ಅಂತ ನಿಮ್ಮ ಆರ್ಚರಿನ ವ್ಯಾನ್ ಐಪಿ ಕೊಟ್ಟರೆ, ಹೊರಗಿನಿಂದ ಬಂದದ್ದೆಲ್ಲ ಆರ್ಚರಿಗೇ ಹೋಗುತ್ತದೆ. ಆ ಐಪಿ ಬದಲಾಗದ ಹಾಗೆ ಮೋಡೆಮ್‌ನಲ್ಲಿ ಕಾಯ್ದಿರಿಸಿ. ಮೋಡೆಮ್‌ನ ವೈಫೈ ಆಫ್ ಮಾಡಿ ಕ್ಯಾಮೆರಾ, ಪ್ರಿಂಟರ್, ಟಿವಿ ಎಲ್ಲವನ್ನೂ ಆರ್ಚರಿನ ಹಿಂದಕ್ಕೆ ತಂದರೆ ಡಬಲ್ ನ್ಯಾಟ್ ಇದ್ದೂ ಇಲ್ಲದ ಹಾಗೆ ಇರುತ್ತದೆ.

ಕಂಬದಮೇಲೆ:

ನಾನು ಫೈಬರ್ ಲೈನಿನಲ್ಲೇ ಕೆಲಸ ಮಾಡುವವನು, ಹಾಸನ ಜಿಲ್ಲೆ. ಅಣ್ಣ, ಫೈಬರನ್ನು ನೇರ ರೂಟರಿಗೆ ಹಾಕುವ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಗುವುದಿಲ್ಲ. ನಿಮ್ಮ ರೂಟರಿನಲ್ಲಿ ಫೈಬರ್ ಕೂರುವ ಜಾಗವೇ ಇಲ್ಲ. ಜಾಗ ಇರುವ ಡಬ್ಬವನ್ನು ನೀವೇ ಕೊಂಡು ತಂದರೂ, ಅದರ ಸೀರಿಯಲ್ ನಂಬರನ್ನು ನಮ್ಮ ಕಡೆಯ ಒಎಲ್‌ಟಿ ಯಂತ್ರದಲ್ಲಿ ದಾಖಲು ಮಾಡಬೇಕು, ಇಲ್ಲದಿದ್ದರೆ ಅದು ಒಳಗೆ ಬಿಡುವುದಿಲ್ಲ. ಯಾಕೆ ಇಷ್ಟು ಬಿಗಿ ಅಂದರೆ ನಿಮ್ಮ ಮನೆಗೆ ಬರುವ ಎಳೆ ನಿಮಗೊಬ್ಬರಿಗೇ ಸೇರಿದ್ದಲ್ಲ. ಜಿಪಾನ್ ಅನ್ನುವ ಈ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯನ್ನು ಸ್ಪ್ಲಿಟರ್ ಹಾಕಿ 32 ಮನೆಗೆ, 64 ಮನೆಗೆ ಹಂಚುತ್ತೇವೆ. ಎಲ್ಲರಿಗೂ ಸೇರಿ ಇಳಿಯುವ ಕಡೆಗೆ (ಡೌನ್‌ಲೋಡ್) ಸುಮಾರು 2.5 ಗಿಗಾಬಿಟ್, ಏರುವ ಕಡೆಗೆ (ಅಪ್‌ಲೋಡ್) ಸುಮಾರು 1.25 ಗಿಗಾಬಿಟ್. ಏರುವಾಗ ಒಂದೊಂದು ಮನೆಯ ಡಬ್ಬಕ್ಕೂ ಇಂಥ ಹೊತ್ತಿಗೆ ನೀನು ಮಾತಾಡು ಅಂತ ಸರದಿ ಕೊಟ್ಟಿರುತ್ತಾರೆ. ಯಾವುದೋ ಡಬ್ಬ ಸರದಿ ಬಿಟ್ಟು ಬೆಳಕು ಬಿಟ್ಟರೆ ಆ ಎಳೆಯ ಮೇಲಿರುವ ಬೇರೆ ಮನೆಗಳಿಗೂ ನೆಟ್ ಹೋಗುತ್ತದೆ.

ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಮೋಡೆಮ್ ಹಿಂದೆ ಸಣ್ಣ ತೂತಿನೊಳಗೆ ರೀಸೆಟ್ ಬಟನ್ ಇರುತ್ತದೆ, ಪಿನ್ ಹಾಕಿ ಒತ್ತುವುದು. ಅದನ್ನು ಒತ್ತಬೇಡಿ. ಬರೀ ವೈಫೈ ಪಾಸ್‌ವರ್ಡ್ ಹೋಗುತ್ತದೆ ಅಂದುಕೊಂಡಿರುತ್ತಾರೆ. ವಿ-ಲ್ಯಾನ್, ಪಿಪಿಪಿಒಇ, ಫೋನಿನ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಬಹುದು. ಕೆಲವು ಮೋಡೆಮ್ ತಾನೇ ಸರ್ವರಿನಿಂದ ವಾಪಸ್ ತೆಗೆದುಕೊಳ್ಳುತ್ತದೆ, ಕೆಲವಕ್ಕೆ ನಾವೇ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು ಹತ್ತು ಕಡೆ ಲೈನ್ ಹೋಗಿರುವಾಗ ನಿಮ್ಮ ಮನೆಗೆ ಬರಲು ಎಷ್ಟು ದಿನ ಬೇಕೋ ಗೊತ್ತಿಲ್ಲ.

ಫೈಬರಿನ ತುದಿಯಲ್ಲಿ ಹಸಿರು ಕನೆಕ್ಟರ್ ಇರುತ್ತದೆ. ಅದನ್ನು ಕಿತ್ತು ನೋಡುವುದು, ಬಟ್ಟೆಯಲ್ಲಿ ಒರೆಸುವುದು, ಊದುವುದು ಮಾಡಬೇಡಿ, ಒಂದು ಧೂಳಿನ ಕಣ ಕೂತರೂ ಬೆಳಕು ಕಡಿಮೆಯಾಗುತ್ತದೆ. ಒಳಗೆ ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೂ ಲೇಸರ್ ಲೇಸರೇ. ಹಸಿರು ಕನೆಕ್ಟರಿನ ತುದಿ ಸ್ವಲ್ಪ ಓರೆ, ನೀಲಿಯದ್ದು ನೇರ, ಇವನ್ನು ಒಂದಕ್ಕೊಂದು ಸೇರಿಸಬಾರದು. ಮೋಡೆಮ್ ಪುಟದಲ್ಲಿ ಆಪ್ಟಿಕಲ್ ಪವರ್ ನೋಡಲು ಸಿಕ್ಕರೆ ನೋಡಿ. ಬೆಳಕಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ, ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27 ಡಿಬಿಎಂ ಹತ್ತಿರ ಹೋಗಿದ್ದರೆ ನೆಟ್ ಆಗಾಗ ಬಿಟ್ಟು ಬಿಟ್ಟು ಬರುತ್ತದೆ, ಎಷ್ಟು ಒಳ್ಳೆಯ ರೂಟರ್ ತಂದರೂ ಸರಿಹೋಗುವುದಿಲ್ಲ, ಲೈನ್ ದುರಸ್ತಿಗೇ ಕರೆಯಬೇಕು. ಕೆಂಪು ಎಲ್‌ಒಎಸ್ (ಫೈಬರಿನಿಂದ ಬೆಳಕು ಬರುತ್ತಿಲ್ಲ ಅನ್ನುವ) ದೀಪ ಮಿನುಗಿದರೂ ಅಷ್ಟೇ.

ಬ್ರಿಡ್ಜ್ ಬಗ್ಗೆ, ಪ್ಯಾಕೆಟ್‌ಪ್ರೇಮಿ ಸರ್ ಹೇಳಿದ ಹಾಗೆ ಫೋನ್ ಉಳಿಸಿ ಮಾಡಬಹುದು, ನಾವು ಮಾಡಿಯೂ ಕೊಡುತ್ತೇವೆ. ಆದರೆ ಆಮೇಲೆ ನೆಟ್ ಹೋದಾಗ ಕಸ್ಟಮರ್ ಕೇರ್‌ನವರಿಗೆ ನಿಮ್ಮ ರೂಟರ್ ಒಳಗೆ ಏನಾಗಿದೆ ಅಂತ ಕಾಣುವುದಿಲ್ಲ. ತಪ್ಪು ಎಲ್ಲಿದೆ ಅಂತ ನೋಡಿಕೊಳ್ಳುವವರು ಮನೆಯಲ್ಲೇ ಒಬ್ಬರು ಇರಬೇಕು. ಮೆತ್ತಿಮನೆ ಅಣ್ಣ ಬೇರೆ ಊರಿಗೆ ಹೋದಾಗ ಅಮ್ಮ ಒಬ್ಬರೇ ಇರುತ್ತಾರೆ ಅಂದರೆ, ನನ್ನ ಅಭಿಪ್ರಾಯ ಆ್ಯಕ್ಸೆಸ್ ಪಾಯಿಂಟೇ ಸರಿ.

ಕಡಲತಡಿ:

ಎಲ್ಲರೂ ಪ್ರಿಂಟರ್ ಸರಿ ಮಾಡಿದಿರಿ ಮಾರಾಯ್ರೆ, ಕ್ಯಾಮೆರಾ ಬಾಕಿ ಉಳಿಯಿತಲ್ಲ. ಪೋರ್ಟ್ ಫಾರ್ವರ್ಡ್ ಕೆಲಸ ಮಾಡದಿರಲು ಡಬಲ್ ನ್ಯಾಟ್ ಕಾರಣ ಅಲ್ಲದೆಯೂ ಇರಬಹುದು. ಡಿವಿಆರ್ ಕೆಳಗಿನ ಮೋಡೆಮ್‌ಗೇ ಜೋಡಿಸಿದ್ದಾದರೆ ಆರ್ಚರ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಮೋಡೆಮ್ ಪುಟಕ್ಕೆ ಹೋಗಿ ವ್ಯಾನ್ ಐಪಿ ಏನಿದೆ ನೋಡಿ. ಆಮೇಲೆ ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ ಬರುವ ಸೈಟಿನಲ್ಲಿ ನೋಡಿ. ಐಪಿವಿ4 (ಮಧ್ಯೆ ಚುಕ್ಕಿ ಇರುವ ನಾಲ್ಕು ಅಂಕಿಯ ಹಳೇ ಮಾದರಿಯ ಐಪಿ) ನಂಬರ್ ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡ್ ಆಗಬೇಕು. ಬೇರೆ ಬೇರೆ ಇದ್ದರೆ, ಅದರಲ್ಲೂ ಮೋಡೆಮ್‌ನಲ್ಲಿರುವ ನಂಬರ್ 100.64 ರಿಂದ 100.127 ರ ಒಳಗೆ ಶುರುವಾಗಿದ್ದರೆ, ನೀವು ಸಿಜಿ-ನ್ಯಾಟ್ ಹಿಂದೆ ಇದ್ದೀರಿ. ಅಂದರೆ ಕಂಪನಿಯೇ ಒಂದು ದೊಡ್ಡ ರೂಟರ್ ಇಟ್ಟು ಒಂದು ಹೊರಗಿನ ಐಪಿಯನ್ನು ಎಷ್ಟೋ ಮನೆಗೆ ಹಂಚಿದೆ. ಅಪಾರ್ಟ್‌ಮೆಂಟಿನ ಗೇಟಿಗೆ ಒಂದೇ ಬೆಲ್ ಇದ್ದ ಹಾಗೆ, ಒತ್ತಿದವರು ಯಾರ ಮನೆಗೆ ಬಂದರು ಅಂತ ವಾಚ್‌ಮನ್‌ಗೆ ಗೊತ್ತಾಗುವುದಿಲ್ಲ. ಆಗ ಬ್ರಿಡ್ಜ್ ಮಾಡಿಸಿದರೂ, ಎಷ್ಟು ದುಬಾರಿ ರೂಟರ್ ತಂದರೂ ಹೊರಗಿನಿಂದ ಒಳಗೆ ಬರಲಾಗುವುದಿಲ್ಲ. ಇದನ್ನು ಮೊದಲು ನೋಡದೆ ಬ್ರಿಡ್ಜಿಗೆ ಓಡಾಡುವವರು ತುಂಬಾ ಜನ, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಂಪನಿಗಳು ಬೇಕೆಂದೇ ಸತಾಯಿಸುತ್ತಿಲ್ಲ. ಐಪಿವಿ4 ವಿಳಾಸ ಇಡೀ ಜಗತ್ತಿಗೆ ಇರುವುದು ಸುಮಾರು 430 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದಿತ್ತು. ಅದರ ಮರುವರ್ಷವೇ ಈ 100.64ರ ಸಾಲನ್ನು ಇಂಥ ಹಂಚಿಕೆಗೆ ಅಂತ ತೆಗೆದಿಟ್ಟರು.

ದಾರಿ ಏನು? ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಅಂತ ಬದಲಾಗದ ಹೊರಗಿನ ಐಪಿ, ಕೇಳಬಹುದು, ಸಾಮಾನ್ಯವಾಗಿ ಬೇರೆ ಶುಲ್ಕ ಇರುತ್ತದೆ. ಹೊಸ ಮಾದರಿಯ ಐಪಿವಿ6 ಬರುತ್ತಿದ್ದರೆ ಅದರಲ್ಲಿ ಒಂದೊಂದು ಸಾಧನಕ್ಕೂ ಹೊರಗಿನ ವಿಳಾಸ ಸಿಗುತ್ತದೆ, ಆದರೆ ಡಿವಿಆರ್‌ಗೂ ನೀವು ಹೊರಗೆ ಬಳಸುವ ಮೊಬೈಲಿಗೂ ಐಪಿವಿ6 ಇರಬೇಕು, ಫೈರ್‌ವಾಲ್‌ನಲ್ಲೂ ದಾರಿ ಬಿಡಬೇಕು. ಇದೆಲ್ಲ ಬೇಡ ಅಂದರೆ ಡಿವಿಆರ್ ಕಂಪನಿಯದ್ದೇ ಮೊಬೈಲ್ ಆ್ಯಪ್ ಇರುತ್ತದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವುದು. ಅಲ್ಲಿ ಡಿವಿಆರ್ ತಾನೇ ಹೊರಗೆ ಹೋಗಿ ಸರ್ವರ್ ಹಿಡಿದುಕೊಳ್ಳುವುದರಿಂದ ಸಿಜಿ-ನ್ಯಾಟ್ ಇದ್ದರೂ ನಡೆಯುತ್ತದೆ. ಸ್ವಲ್ಪ ಕೈ ಪಳಗಿದವರಾದರೆ ಟೇಲ್‌ಸ್ಕೇಲ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಸುರಕ್ಷಿತ ದಾರಿ ಮಾಡಿಕೊಡುವ ಆ್ಯಪ್) ಹಾಕಿಕೊಳ್ಳಿ, ಮನೆಯಲ್ಲಿ ಸದಾ ಆನ್ ಇರುವ ಒಂದು ಕಂಪ್ಯೂಟರ್ ಇದ್ದರೆ ಸಾಕು.

ಸ್ಟ್ಯಾಟಿಕ್ ಐಪಿ ಸಿಕ್ಕರೂ ಡಿವಿಆರ್‌ಗೆ ನೇರ ಪೋರ್ಟ್ ತೆರೆದಿಡಬೇಡಿ. ಖರೀದಿಸಿದಾಗ ಬಂದ ಪಾಸ್‌ವರ್ಡೇ ಇರುವ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ ಹುಡುಕಿ ಹಿಡಿದುಕೊಂಡದ್ದೇ 2016ರ ಮಿರಾಯ್ ಮಾಲ್‌ವೇರ್. ಈಗಲೂ ಆ ಥರದ ಹುಡುಕಾಟ ನಿಂತಿಲ್ಲ. ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ನಿಮ್ಮ ಮನೆ ಅಂಗಳವನ್ನು ಯಾರೋ ಕೂತು ನೋಡುವ ಹಾಗೆ ಆಗಬಾರದು.

ಸುಮಾ_ತುಮಕೂರು:

ನನ್ನದೂ ಇಂಥದ್ದೇ ಒಂದು ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನಮ್ಮದು 300 ಎಂಬಿಪಿಎಸ್ ಪ್ಲಾನ್. ಮೋಡೆಮ್ ವೈಫೈನಲ್ಲಿ 280 ತನಕ ಬರುತ್ತದೆ. ಅದಕ್ಕೆ ಜೋಡಿಸಿದ ನಮ್ಮ ರೂಟರಿನಲ್ಲಿ 94ರ ಮೇಲೆ ಹೋಗುವುದೇ ಇಲ್ಲ. ಡಬಲ್ ನ್ಯಾಟಿನಿಂದ ಹೀಗಾಗುತ್ತದಾ? ರೂಟರ್ ಆರ್ಚರ್ ಸಿ20.

ಹಳೇಸ್ವಿಚ್:

ಮೇಡಂ, ಡಬಲ್ ನ್ಯಾಟ್ ಅಲ್ಲ. 94, 95 ಅಂತ ಗೋಡೆಗೆ ಹೊಡೆದ ಹಾಗೆ ನಿಂತರೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್‌ನ ಪೋರ್ಟ್ ಇದೆ ಅಂತ ಅರ್ಥ. ಆರ್ಚರ್ ಸಿ20ರಲ್ಲಿ ವೈಫೈ ಡ್ಯುಯಲ್ ಬ್ಯಾಂಡ್ ಇದ್ದರೂ ಹಿಂದಿನ ಪೋರ್ಟುಗಳೆಲ್ಲ 100ರವೇ. ಗಿಗಾಬಿಟ್ ಪೋರ್ಟ್ ಇರುವ ರೂಟರ್ ತೆಗೆದುಕೊಳ್ಳಬೇಕು. ಡಬ್ಬದ ಮೇಲೆ ಎಸಿ750, ಎಸಿ1200 ಅಂತ ದೊಡ್ಡದಾಗಿ ಬರೆದದ್ದು ವೈಫೈ ಲೆಕ್ಕ, ಪೋರ್ಟಿನ ಲೆಕ್ಕ ಅಲ್ಲ. ಪೋರ್ಟ್ 10/100/1000 ಅಂತ ಇದೆಯಾ ನೋಡಿ ಕೊಳ್ಳಿ.

ಹೊಸ ರೂಟರ್ ತಂದ ಮೇಲೂ 94ಕ್ಕೇ ನಿಂತರೆ ವೈರ್ ನೋಡಿ. ಗಿಗಾಬಿಟ್‌ಗೆ ಲ್ಯಾನ್ ವೈರಿನ ಎಂಟೂ ಎಳೆ ಬೇಕು. ಕೆಲವರು ನಾಲ್ಕೇ ಎಳೆಗೆ ಪಿನ್ ಹೊಡೆದು ಹೋಗಿರುತ್ತಾರೆ, ಅದರಲ್ಲಿ 100ರ ಮೇಲೆ ಬರುವುದಿಲ್ಲ. ಕ್ಯಾಟ್ 5ಇ ಅಥವಾ ಕ್ಯಾಟ್ 6, ಪೂರ್ತಿ ತಾಮ್ರದ್ದು ಹಾಕಿಸಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ವೈರ್ ಅಗ್ಗಕ್ಕೆ ಸಿಗುತ್ತದೆ, ಅದು ಬೇಗ ಮುರಿಯುತ್ತದೆ. ಮೆತ್ತಿಮನೆ ಸರ್, ನೀವು ಮುಂದೆ ದೊಡ್ಡ ಪ್ಲಾನಿಗೆ ಹೋಗುವುದಾದರೆ ನಿಮ್ಮ ವೈರಿನ ಪಿನ್ ಕೂಡ ಈಗಲೇ ನೋಡಿಬಿಡಿ, ಎಂಟು ಬಣ್ಣ ಕಾಣಿಸಬೇಕು.

ಮೆತ್ತಿಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರ್ಚರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡಿದೆ. ಪ್ರಿಂಟರ್ ತಕ್ಷಣ ಕಾಣಿಸಿತು, ಟಿವಿಯೂ ಬಂತು. ಫೋನಿಗೆ ಏನೂ ಆಗಿಲ್ಲ. ಎರಡಕ್ಕೂ ಒಂದೇ ಹೆಸರು ಇಟ್ಟ ಮೇಲೆ ಮೆಟ್ಟಿಲು ಹತ್ತುವಾಗ ಕಾಲ್ ಕಟ್ ಆಗುತ್ತದಾ ಅಂತ ನೋಡಿದೆ, ಅರೆಕ್ಷಣ ತಡೆದು ಮುಂದುವರಿಯುತ್ತದೆ.

ಕಡಲತಡಿ ಅವರು ಹೇಳಿದ್ದೇ ನಿಜ, ಮೋಡೆಮ್‌ನ ವ್ಯಾನ್ ಐಪಿ 100.70 ಅಂತ ಶುರುವಾಗುತ್ತದೆ. ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ ಆ್ಯಪ್ ಹಾಕಿಕೊಂಡೆ, ಡಿವಿಆರ್ ಪಾಸ್‌ವರ್ಡ್ ಬದಲಾಯಿಸಿದೆ. ಪೇಟೆಗೆ ಹೋದಾಗ ಮೊಬೈಲ್ ಡೇಟಾದಲ್ಲಿ ಅಂಗಳ ಚೆನ್ನಾಗಿ ಕಾಣಿಸಿತು. ಮಗನ ಗೇಮ್ ಈಗ ಮಾಡರೇಟ್ ಅಂತ ತೋರಿಸುತ್ತಿದೆ, ಆಡಲು ತೊಂದರೆ ಇಲ್ಲ ಅಂದ. ಬ್ರಿಡ್ಜ್ ಸದ್ಯಕ್ಕೆ ಬೇಡ.

ಇನ್ನೊಂದೇ ಪ್ರಶ್ನೆ, ಕಂಬದಮೇಲೆ ಅವರಿಗೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಮೊದಲು ಒಂದು ಮಿನಿ ಯುಪಿಎಸ್ ಮೋಡೆಮ್‌ಗೆ ಸಾಕಾಗುತ್ತಿತ್ತು. ಈಗ ರೂಟರಿಗೂ ಅದರಿಂದಲೇ ಕೊಡಬಹುದಾ? ಸಿಡಿಲಿಗೆ ಏನು ಮಾಡುವುದು?

ಕಂಬದಮೇಲೆ:

ಅಣ್ಣ, ಎರಡೂ ಅಡಾಪ್ಟರ್ ಮೇಲಿನ ಚೀಟಿ ಓದಿ. ವೋಲ್ಟ್ ಒಂದೇ ಇರಬೇಕು. ಮೋಡೆಮ್ ಬಹಳ ಕಡೆ 12 ವೋಲ್ಟ್, ಕೆಲವು ರೂಟರ್ 9 ವೋಲ್ಟ್ ಇರುತ್ತದೆ, 9ರದ್ದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ವೋಲ್ಟ್ ಒಂದೇ ಇದ್ದರೆ ಆಂಪಿಯರ್ ಕೂಡಿಸಿ. ಒಂದಕ್ಕೆ 1, ಇನ್ನೊಂದಕ್ಕೆ 1 ಬೇಕಾದರೆ ಯುಪಿಎಸ್ 2 ಆಂಪಿಯರ್ ಕೊಡುವಂಥದ್ದು ಬೇಕು. ಅದರಲ್ಲಿ ಕಡಿಮೆ ಇದ್ದರೆ ಕರೆಂಟ್ ಹೋದ ತಕ್ಷಣ ಮೋಡೆಮ್ ಆಫ್ ಆಗಿ ಆನ್ ಆಗುತ್ತಿರುತ್ತದೆ. ನಿಮ್ಮದು ಜಗಲಿಯಲ್ಲಿ ಒಂದು, ಮೆತ್ತಿಯಲ್ಲಿ ಒಂದು, ಹಾಗಾಗಿ ಸಣ್ಣ ಯುಪಿಎಸ್ ಎರಡು ಇಡುವುದೇ ಸುಲಭ. ಹನ್ನೆರಡು ವೋಲ್ಟಿನ ವೈರ್ ಅಷ್ಟು ದೂರ ಎಳೆದರೆ ವೋಲ್ಟೇಜ್ ಇಳಿದುಹೋಗುತ್ತದೆ.

ಸಿಡಿಲಿಗೆ, ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲಿನ ಜೊತೆ ಭಾರ ತಡೆಯಲು ಉಕ್ಕಿನ ತಂತಿ ಇರುತ್ತದೆ. ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿರಬೇಕು, ಮೋಡೆಮ್ ತನಕ ಬಂದಿರಬಾರದು, ಬಂದಿದ್ದರೆ ಲೈನ್‌ನವರನ್ನು ಕರೆದು ತೆಗೆಸಿ. ಹೆಚ್ಚು ಸುಡುವುದು ಕರೆಂಟಿನ ಕಡೆಯಿಂದ ಮತ್ತು ಅಂಗಳಕ್ಕೆ ಎಳೆದ ಕ್ಯಾಮೆರಾ ವೈರಿನಿಂದ. ಗುಡುಗು ಶುರುವಾಗುವ ಮೊದಲೇ ಅಡಾಪ್ಟರುಗಳನ್ನು ಪ್ಲಗ್ಗಿನಿಂದ ತೆಗೆಯಿರಿ. ಡಿವಿಆರ್‌ನಿಂದ ಮೋಡೆಮ್‌ಗೆ ಬರುವ ಲ್ಯಾನ್ ವೈರನ್ನೂ ಆಗಲೇ ಬಿಚ್ಚಿಡಿ. ಗುಡುಗು ಶುರುವಾಗಿಬಿಟ್ಟಿದ್ದರೆ ಯಾವ ವೈರನ್ನೂ ಮುಟ್ಟಬೇಡಿ. ಮೋಡೆಮ್ ಯುಪಿಎಸ್ ಮೇಲೆ ಓಡುತ್ತಿರಲಿ, ಆ ಯುಪಿಎಸ್‌ನ ಪ್ಲಗ್ ಮಾತ್ರ ಗೋಡೆಯಿಂದ ಹೊರಗಿರಬೇಕು.